ಅತ್ತು ಆಡು

ಬೇಲೂರು, ಹೊರಡುವ ಮುಂಚೆ

ನಾನು ಇಂಗ್ಲೆಂಡಿಗೆ ಹೋದದ್ದು ಒಂದು ಹಲಗೆ ಓದುವುದಕ್ಕೆ. ಹೀಗೆಂದಾಗ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ. ಬೇಲೂರಿನಲ್ಲಿ ಓದಲು ಬೇಕಾದಷ್ಟು ಕಲ್ಲುಗಳಿವೆ, ಹಲಗೆ ಓದಲು ಸಮುದ್ರ ದಾಟಬೇಕೇ ಎಂದು ಡ್ರಿಲ್ ಮೇಷ್ಟ್ರು ಕಿಚಾಯಿಸಿದರು. ನಾನು ಕನ್ನಡ ಮೇಷ್ಟ್ರು. ಮದುವೆ ಕರೆಯೋಲೆ ಕೈಗೆ ಬಂದರೂ ಮೊದಲು ಕಾಗುಣಿತ ನೋಡುವವನು. ತಪ್ಪಿದ್ದರೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಆಮೇಲೆ ಮುಹೂರ್ತ ಯಾವಾಗ ಎಂದು ನೋಡುತ್ತೇನೆ. ಇದೊಂದು ರೋಗ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಹಲಗೆಯ ವಿಷಯ ಇಷ್ಟು. ನಮ್ಮ ತಾತ ಕೆಂಚಯ್ಯ ಬ್ರಿಟಿಷರ ಕಾಲದಲ್ಲಿ ಅರಸೀಕೆರೆಯ ರೈಲ್ವೆ ಕಾಲೋನಿಯ ಪುಟ್ಟ ಚರ್ಚಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಒಂದು ಪೈಪ್ ಆರ್ಗನ್ ಇತ್ತು. ಹಾರ್ಮೋನಿಯಂ ನೋಡಿದವರಿಗೆ ಅದನ್ನು ವಿವರಿಸುವುದು ಕಷ್ಟವಲ್ಲ. ಹಾರ್ಮೋನಿಯಂನ ತಿದಿಯನ್ನು ಮಂಚದಷ್ಟು ಅಗಲ ಮಾಡಿ, ಅದರ ಮೇಲೆ ನೂರಾರು ಕೊಳಲುಗಳನ್ನು ಸಾಲಾಗಿ ನಿಲ್ಲಿಸಿದರೆ ಪೈಪ್ ಆರ್ಗನ್. ನುಡಿಸುವವರು ಮುಂದೆ ಕೂತರೆ, ಇನ್ನೊಬ್ಬ ಹಿಂದೆ ನಿಂತು ಮರದ ಹಿಡಿಯನ್ನು ಮೇಲೆ ಕೆಳಗೆ ಆಡಿಸಿ ತಿದಿಗೆ ಗಾಳಿ ತುಂಬಬೇಕು. ಹಿಂದೆ ನಿಂತವನು ನಮ್ಮ ತಾತ. ರೈಲ್ವೆ ಇಂಜಿನಿಯರ್ ದೊರೆಯೊಬ್ಬರು ತಮ್ಮ ಊರಿನಿಂದ ಹಡಗಿನಲ್ಲಿ ತರಿಸಿದ್ದ ವಾದ್ಯವದು. ಸ್ವಾತಂತ್ರ್ಯ ಬಂದು ಅವರು ಹೊರಟಾಗ ಅದನ್ನು ಬಿಚ್ಚಿ, ಹುಲ್ಲಿನಲ್ಲಿ ಸುತ್ತಿ, ಮತ್ತೆ ಹಡಗು ಹತ್ತಿಸಿದರು. ತಮ್ಮ ಹಳ್ಳಿಯ ಚರ್ಚಿಗೆ ದಾನ ಕೊಟ್ಟರು. ನಮ್ಮ ಮನೆಯಲ್ಲಿ ಉಳಿದದ್ದು ಕಥೆ ಮಾತ್ರ. ತಾತನ ಒಂದು ಫೋಟೋ ಇಲ್ಲ, ಒಂದು ಸಹಿ ಇಲ್ಲ. ನಾನು ಹುಟ್ಟುವ ಮುಂಚೆಯೇ ಅವನು ತೀರಿಕೊಂಡಿದ್ದ.

ತೊಂಬತ್ತರ ದಶಕದ ಕೊನೆಯಲ್ಲಿ ಆ ಹಳ್ಳಿಯವರು ಆರ್ಗನ್ನನ್ನು ರಿಪೇರಿಗೆ ಬಿಚ್ಚಿದಾಗ, ಹಿಡಿಯ ಪಕ್ಕದ ಹಲಗೆಯ ಮೇಲೆ ಯಾವುದೋ ಲಿಪಿ ಕಂಡಿತಂತೆ. ದೊರೆಯ ಮಗಳ ಹಳೆಯ ಆಲ್ಬಮ್ಮಿನಲ್ಲಿ ‘ಕೆಂಚಯ್ಯ, ಅರಸೀಕೆರೆ’ ಎಂಬ ಹೆಸರಿತ್ತು. ಅಲ್ಲಿಂದ ಕಾಗದ ಅರಸೀಕೆರೆಗೆ ಬಂತು. ಅಲ್ಲಿನ ಪಾದ್ರಿಗಳು ಕೇಳಿಕೊಂಡು ಕೇಳಿಕೊಂಡು ಜಾವಗಲ್ ಬಸ್ಸಿನಲ್ಲಿ ಬಂದು, ಇನ್ನೊಂದು ಬಸ್ಸು ಹಿಡಿದು ಬೇಲೂರಿನ ನಮ್ಮ ಮನೆ ಬಾಗಿಲು ತಟ್ಟಿದರು. ಜೊತೆಗಿದ್ದ ಫೋಟೋದಲ್ಲಿ ಹಲಗೆ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಹಲಗೆಗೆ ಹುಳು ಬಿದ್ದಿದೆ, ಬದಲಾಯಿಸಬೇಕು ಎಂದು ಬರೆದಿದ್ದರು. ಬರೆದದ್ದರಲ್ಲಿ ಅರ್ಥವಿದ್ದರೆ ಉಳಿಸುವ ದಾರಿ ಹುಡುಕುತ್ತಾರೆ. ಸುಮ್ಮನೆ ಗೀಚಿದ್ದಾದರೆ ಹೊಸ ಹಲಗೆ ಹಾಕುತ್ತಾರೆ. ನೀವೇ ಬಂದು ಓದಿ ಹೇಳಿ ಎಂದು ಟಿಕೆಟ್ಟನ್ನೂ ಅವರೇ ಕಳಿಸಿದರು.

ನನಗೆ ಸಂತೋಷಕ್ಕಿಂತ ಹೆಚ್ಚು ದಿಗಿಲಾಯಿತು. ತಾತ ಶಾಲೆಯ ಒಳಗೆ ಕೂತು ಕಲಿತವನಲ್ಲ. ಆ ಕಾಲದಲ್ಲಿ ನಮ್ಮ ಜನರನ್ನು ಒಳಗೆ ಬಿಡುತ್ತಿರಲಿಲ್ಲ. ಕಿಟಕಿಯ ಹೊರಗೆ ನಿಂತು ಒಂದಷ್ಟು ಅಕ್ಷರ ಕಲಿತಿದ್ದನಂತೆ. ಅಂಥವನು ಏನು ಬರೆದಿರಬಹುದು? ನನ್ನ ತಾಯಿ ಆ ದಿಗಿಲಿಗೆ ಇನ್ನೊಂದಷ್ಟು ಸೌದೆ ಹಾಕಿದಳು. ಅವಳು ಮಾವನನ್ನು ಕಣ್ಣಾರೆ ಕಂಡವಳು.

“ನಿಮ್ ತಾತನ ಬಾಯಿ ನಿಂಗೊತ್ತಿಲ್ಲ ಕಣಪ್ಪ. ದೊರೆಗೆ ಏನಾರ ಬೈದು ಬರ್ದಿದ್ರೆ ಓದ್ಬ್ಯಾಡ. ಕಣ್ಣು ಕಾಣಾಕಿಲ್ಲ ಅಂದ್ಬುಡು.”

ಹೊರಡುವ ದಿನ ಬಾಗಿಲಲ್ಲಿ ನಿಂತು, “ಉಸಾರು, ಓಗಿ ಬಾ” ಎಂದಳು. ರೋಗ ಬಿಡಬೇಕಲ್ಲ, “ಹೋಗಿ ಬಾ ಅನ್ಬೇಕವ್ವ” ಎಂದೆ.

“ಓಗಿ ಬಾ ಅಂದ್ರೆ ಓಗಕಾಗಲ್ವೇನ್ಲಾ?” ಎಂದು ಒಳಗೆ ಹೋದಳು.

ವಿಮಾನ ನಿಲ್ದಾಣ

ಮೊದಲ ಸಲ ವಿಮಾನ ಹತ್ತಿದವರೆಲ್ಲ ಮೋಡದ ಬಗ್ಗೆ ಬರೆಯುತ್ತಾರೆ. ನಾನು ಮೋಡ ನೋಡಲಿಲ್ಲ. ಹಲಗೆಯ ಮೇಲೆ ಇರಬಹುದಾದ ಬೈಗುಳಗಳನ್ನು ಒಂದೊಂದಾಗಿ ನೆನೆದು, ಅವಕ್ಕೆ ಸಭ್ಯವಾದ ಇಂಗ್ಲಿಷ್ ಹುಡುಕುತ್ತಿದ್ದೆ. ಕೆಲವಕ್ಕೆ ಸಿಗಲಿಲ್ಲ.

ಲಂಡನ್ನಿನಲ್ಲಿ ಇಳಿದಾಗ ಅಧಿಕಾರಿಯೊಬ್ಬ ನನ್ನ ಚೀಲ ಬಿಚ್ಚಿಸಿದ. ಅದರಲ್ಲಿ ರಾಗಿ ಹುರಿಹಿಟ್ಟು ಮತ್ತು ಅಟ್ಟದಲ್ಲಿ ಒಣಗಿಸಿದ ನಾಲ್ಕು ಕೊಬ್ಬರಿ ಗಿಟುಕುಗಳಿದ್ದವು, ಚಿಪ್ಪಿನ ಸಮೇತ. ಅರಸೀಕೆರೆ ಸೀಮೆಯವನು ಕೊಬ್ಬರಿ ಇಲ್ಲದೆ ಯಾರ ಮನೆಗೂ ಹೋಗುವುದಿಲ್ಲ. ಅವನು ಒಂದನ್ನು ಎತ್ತಿ ಅಲ್ಲಾಡಿಸಿದ. ಒಳಗೆ ಕೊಬ್ಬರಿ ಗುಡುಗುಡು ಎಂದಿತು. ಅವನ ಮುಖ ಬಿಗಿಯಿತು. ಇನ್ನಿಬ್ಬರು ಬಂದು ಅವರೂ ಅಲ್ಲಾಡಿಸಿದರು. ಏನಿದು ಎಂದರೆ ಕೊಬ್ಬರಿಗೆ ಇಂಗ್ಲಿಷ್ ನನ್ನ ಬಾಯಿಗೆ ಬರಲೊಲ್ಲದು. ಕೊನೆಗೆ ನೆಲಕ್ಕೆ ಕುಟ್ಟಿ ಒಡೆದು, ಒಂದು ಹೋಳು ನಾನು ತಿಂದು ತೋರಿಸಿದೆ. ಹುರಿಹಿಟ್ಟನ್ನೂ ತಿಂದು ತೋರಿಸಬೇಕಾಯಿತು. ಬಾಯಿ ತುಂಬ ಹಿಟ್ಟು ಇಟ್ಟುಕೊಂಡು ಬಂದ ಉದ್ದೇಶವೇನು ಎಂಬ ಪ್ರಶ್ನೆಗೆ ಉತ್ತರಿಸಿದೆ. ಒಂದು ಹಲಗೆ ಓದಲು ಬಂದಿದ್ದೇನೆ ಎಂದೆ. ಅವನು ನನ್ನನ್ನು ಬಹಳ ಹೊತ್ತು ನೋಡಿ ಮುದ್ರೆ ಒತ್ತಿದ.

ಗುರುವಾರ: ಆರಿ ಯಾರು, ಹ್ಯಾರಿ ಯಾರು

ಹಳ್ಳಿಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆದಂತೆ ಓದಿದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹನ್ನೊಂದು ಅಕ್ಷರ ಬರೆದು ಆರನ್ನು ಮಾತ್ರ ಬಾಯಿಂದ ಬಿಡುತ್ತಾರೆ. ನಿಲ್ದಾಣದ ಬೋರ್ಡು ತೋರಿಸಿ ಬಸ್ಸಿನವನನ್ನು ಮೂರು ಸಲ ಕೇಳಿದೆ, ಅವನು ಮೂರು ಸಲವೂ ಅಂಥ ಊರಿಲ್ಲ ಎಂದ. ಅದೇ ಊರಿನಲ್ಲಿ ಬಸ್ಸು ನಿಂತಿತ್ತು.

ನನ್ನನ್ನು ಉಳಿಸಿದ್ದು ಎಡ್ನಾ ಎಂಬ ಅಜ್ಜಿಯ ಮನೆಯಲ್ಲಿ. ಎಂಬತ್ತರ ಹತ್ತಿರದ, ಗುಂಡಗಿನ, ಮಾತಿನ ಹೆಂಗಸು. ಮನೆ ತುಂಬ ಉಣ್ಣೆಯ ಕುಲಾವಿ ತೊಡಿಸಿದ ಟೀ ಪಾತ್ರೆಗಳು. ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಉಪ್ಪಿಲ್ಲ, ಖಾರವಿಲ್ಲ. ಉಪ್ಪಿನ ಡಬ್ಬಿ ಕೇಳಲು ಸಂಕೋಚವಾಗಿ ಎರಡು ದಿನ ಸಪ್ಪೆ ತಿಂದೆ. ಮೂರನೆಯ ದಿನ ನೋಡಿದರೆ ಡಬ್ಬಿ ನನ್ನ ಮೊಣಕೈ ಪಕ್ಕದಲ್ಲೇ ಇತ್ತು.

ರಿಪೇರಿ ಮಾಡುವವರ ಹೆಸರು ಹ್ಯಾರಿ ಎಂದು ಕಾಗದದಲ್ಲಿ ಓದಿದ್ದೆ. ಆದರೆ ಬುಧವಾರ ರಾತ್ರಿ ಎಡ್ನಾ, ಬೆಳಗ್ಗೆ ‘ಆರಿ’ ಬಂದು ಕರೆದುಕೊಂಡು ಹೋಗುತ್ತಾನೆ ಎಂದಳು. ಇನ್ನೊಬ್ಬ ಕೆಲಸಗಾರನಿರಬೇಕು ಎಂದುಕೊಂಡೆ. ಬೆಳಗ್ಗೆ ಎತ್ತರದ, ಮೌನದ, ಕೈಯೆಲ್ಲ ಅಂಟು ಮೆತ್ತಿಕೊಂಡ ಮನುಷ್ಯ ಬಂದು ನಾನು ಹ್ಯಾರಿ ಎಂದ. ಸಂತೋಷ, ಆರಿಯವರು ಬರಲಿಲ್ಲವೇ ಎಂದೆ. ಅವನು ಹಿಂದೆ ತಿರುಗಿ ನೋಡಿದ. ಎಡ್ನಾ ಬಾಗಿಲಲ್ಲಿ ನಿಂತು, ಇವನೇ ಆರಿ ಎಂದಳು. ಕರೆಯುವ ಹೆಸರು ಬೇರೆ ಇರಬೇಕು, ನಮ್ಮಲ್ಲಿ ರಂಗಸ್ವಾಮಿ ರಂಗ ಆಗುವ ಹಾಗೆ, ಎಂದು ಸುಮ್ಮನಾದೆ. ಇಪ್ಪತ್ತೆರಡು ವರ್ಷ ಅಕ್ಷರ ತಿದ್ದಿದವನಿಗೆ ಅಲ್ಲಿ ಬಿಟ್ಟುಹೋದ ಅಕ್ಷರ ಯಾವುದೆಂದು ಹೊಳೆಯಬಾರದೇ? ಹೊಳೆಯಲಿಲ್ಲ.

ಚರ್ಚಿನ ಬಾಗಿಲಲ್ಲಿ ಅಭ್ಯಾಸಬಲದಿಂದ ಶೂ ಬಿಚ್ಚಿಟ್ಟೆ. ಹ್ಯಾರಿ ನನ್ನ ಕಾಲು ನೋಡಿದ. ತಾನೂ ಬಿಚ್ಚಿದ. ಇಬ್ಬರೂ ಕಾಲುಚೀಲದಲ್ಲಿ ಆ ಕಲ್ಲಿನ ನೆಲದ ಮೇಲೆ ನಡೆದೆವು. ಚೆನ್ನಕೇಶವನ ಗುಡಿಯ ಕಲ್ಲು ಬೇಸಿಗೆಯಲ್ಲಿ ಕಾಲು ಸುಡುತ್ತದೆ, ಇದು ಮೂಳೆಯವರೆಗೆ ಕೊರೆಯುತ್ತಿತ್ತು. ಮರುದಿನದಿಂದ ಇಬ್ಬರೂ ಶೂ ಬಿಚ್ಚಲಿಲ್ಲ.

ಅದೇ ದಿನ: ತಿದಿಯ ಹಿಂದೆ

ಆರ್ಗನ್ನು ಬಿಚ್ಚಿ ಹರಡಿತ್ತು. ಸೀಸ ತವರದ ಕೊಳವೆಗಳು, ಮರದ ಕೊಳವೆಗಳು. ಅತಿ ಚಿಕ್ಕದು ಪೆನ್ಸಿಲಿನಷ್ಟು, ಅತಿ ದೊಡ್ಡದು ನನಗಿಂತ ಎತ್ತರ. ಹ್ಯಾರಿ ಒಂದು ಮರದ ಕೊಳವೆ ಎತ್ತಿ ತೋರಿಸಿ, ಇದರ ಮೇಲೆ ಯಾರೋ ಹಕ್ಕಿಯ ಚಿತ್ರ ಬರೆದಿದ್ದಾರೆ ಎಂದ. ನೋಡಿದರೆ ಕನ್ನಡದ ಮೂರು. ಪಕ್ಕದ್ದರಲ್ಲಿ ನಾಲ್ಕು, ಅದರ ಪಕ್ಕದ್ದರಲ್ಲಿ ಐದು. ಬಿಚ್ಚಿ ಹಡಗಿಗೆ ಹಾಕುವಾಗ ಜೋಡಿಸುವ ಕ್ರಮ ತಪ್ಪದಿರಲೆಂದು ತಾತ ಗುರುತು ಹಾಕಿದ್ದ. ಅರ್ಧ ಶತಮಾನ ಈ ಊರಿನವರು ಅವನ್ನು ಹಕ್ಕಿ ಎಂದುಕೊಂಡಿದ್ದರು. ನಾನು ಒಂದರಿಂದ ಒಂಬತ್ತರವರೆಗೆ ಜೋರಾಗಿ ಓದಿದೆ. ಹ್ಯಾರಿ ಒಂದೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡ.

ಆಮೇಲೆ ತಿದಿ ತೋರಿಸಿದ. ಅಲ್ಲಿ ತಿದಿಗೆ ಕುರಿಯ ತೊಗಲನ್ನು ಅಂಟಿನಿಂದ ಕೂಡಿಸುತ್ತಾರೆ. ಒಂದು ಮೂಲೆಯಲ್ಲಿ ಮಾತ್ರ ಬೇರೆ ತೇಪೆಯಿತ್ತು, ದಪ್ಪ ತೊಗಲು, ಅಂಟಿಲ್ಲ, ದಾರದ ಹೊಲಿಗೆ. ಇಷ್ಟು ವರ್ಷದಲ್ಲಿ ಉಳಿದ ಅಂಟೆಲ್ಲ ಬಿಟ್ಟಿದೆ, ಇದೊಂದು ಬಿಟ್ಟಿಲ್ಲ, ಇಂಥ ಹೊಲಿಗೆ ತಾನು ಕಂಡಿಲ್ಲ ಎಂದ. ನಾನು ಕಂಡಿದ್ದೆ. ಅದು ಮೆಟ್ಟು ಹೊಲಿಯುವ ಹೊಲಿಗೆ, ನಮ್ಮ ಹಟ್ಟಿಯ ಹೊಲಿಗೆ. ನಾನು ಓದಿ ಮೇಷ್ಟ್ರಾಗಿ, ಗೋಡೆಗೆ ಬುದ್ಧನ ಫೋಟೋ ಹಾಕಿಕೊಂಡು, ಆ ಕಸುಬಿನ ಮಾತನ್ನು ಸ್ಟಾಫ್ ರೂಮಿನಲ್ಲಿ ಒಂದು ದಿನವೂ ಎತ್ತಿದವನಲ್ಲ. ಅದು ನಮ್ಮ ತಾತನ ಕೈ ಎಂದು ಹ್ಯಾರಿಗೆ ಹೇಳಿದೆ. ಅದನ್ನು ತಾನು ಮುಟ್ಟುವುದಿಲ್ಲ, ಹಾಗೇ ಇರುತ್ತದೆ ಎಂದ.

ಕೊನೆಗೆ ಹಲಗೆ. ಹಿಡಿಯ ಪಕ್ಕದಲ್ಲಿ, ಒಬ್ಬನೇ ನಿಲ್ಲಬಹುದಾದ ಸಂದಿಯಲ್ಲಿತ್ತು. ಅಲ್ಲಿ ದಾರದಲ್ಲಿ ಒಂದು ಸೀಸದ ಗುಂಡು ನೇತಾಡುತ್ತದೆ. ತಿದಿಯಲ್ಲಿ ಗಾಳಿ ಎಷ್ಟಿದೆ ಎಂದು ಅದು ಹೇಳುತ್ತದೆ. ಗೆರೆ ದಾಟಿ ಏರಿತೆಂದರೆ ಗಾಳಿ ಮುಗಿಯಿತೆಂದೇ ಅರ್ಥ. ಹಿಂದೆ ನಿಂತವನಿಗೆ ಕಾಣುವುದು ಆ ಗುಂಡು ಮತ್ತು ಈ ಹಲಗೆ, ಬೇರೇನೂ ಇಲ್ಲ. ಹ್ಯಾರಿ ಟಾರ್ಚನ್ನು ಓರೆಯಾಗಿ ಹಿಡಿದ. ಹಲಗೆಯ ಕೆಳಭಾಗ ಹುಳು ತಿಂದು ಜರಡಿಯಾಗಿತ್ತು, ಮೇಲ್ಭಾಗದಲ್ಲಿ ಹಳೆಯ ಅಂಟು, ಮಸಿ. ಅವುಗಳ ನಡುವೆ ದಪ್ಪ ಅಕ್ಷರ, ಒಂದು ಸಾಲು ಮಾತ್ರ ಸ್ಪಷ್ಟ. ಅದರ ಪಕ್ಕ ಒಂದಷ್ಟು ಗೀರುಗಳು.

ಅತ್ತು ಆಡು.

ಬೈಗುಳವಲ್ಲ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಇನ್ನೊಮ್ಮೆ ಓದಿದಾಗ ಮೈ ಝುಮ್ಮೆಂದಿತು. ಅತ್ತು ಆಡು. ಅಳುವುದನ್ನು ಅತ್ತು ಮುಗಿಸು, ಆಮೇಲೆ ನುಡಿಸು. ನನ್ನ ತಾತ ಕವಿ! ಕಾಗುಣಿತವೂ ತಪ್ಪಿರಲಿಲ್ಲ.

ಆರ್ಗನ್ ಮಾಡುವವರು ಒಳಗೆಲ್ಲೋ ಹೆಸರು ಬರೆದಿಡುವುದುಂಟು, ತಿದಿ ಒತ್ತುವವನ ಬರಹ ಸಿಗುವುದು ಅಪರೂಪ ಎಂದ ಹ್ಯಾರಿ. ನಾನು ಬೇಲೂರಿನ ವಿಷಯ ಹೇಳಿದೆ. ಅಲ್ಲಿ ವಿಗ್ರಹಗಳ ಕೆಳಗೆ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ, ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತೇನೆ. ಆ ಕಲ್ಲನ್ನು ಗಣಿಯಿಂದ ಹೊತ್ತು ತಂದವರ ಹೆಸರು ಎಲ್ಲೂ ಇಲ್ಲ. ಉಳಿದ ಸಾಲುಗಳನ್ನು ಶನಿವಾರದೊಳಗೆ ಒರೆಸಿ ಕೊಡುತ್ತೇನೆ ಎಂದು ಅವನು ಮತ್ತೆ ಕೆಲಸಕ್ಕೆ ಬಗ್ಗಿದ.

ಶುಕ್ರವಾರ: ಸಭೆ

ಹಲಗೆಯ ತೀರ್ಮಾನಕ್ಕೆ ಕೂಡಿದ ಚರ್ಚಿನ ಸಭೆಯಲ್ಲಿ ಹನ್ನೆರಡು ಜನರಿದ್ದರು. ಪಾದ್ರಿಯಾಗಿದ್ದವರು ಹೆಂಗಸು. ಪಾದ್ರಿಯಮ್ಮ ಎನ್ನಬೇಕೇನೋ. ಅವರೇ ನನಗೆ ಕಾಗದ ಬರೆದವರು. ಹಲಗೆಯ ಮೇಲೆ ಏನಿದೆ ಎಂದು ಕೇಳಿದರು.

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಎರಡು ಪದದ ಅರ್ಥ ಹೇಳಿ ಕೂತಿದ್ದರೆ ಸಾಕಿತ್ತು. ಹನ್ನೆರಡು ಜೊತೆ ಕಣ್ಣು ನನ್ನನ್ನೇ ನೋಡುತ್ತಿದ್ದವು, ಹಲಗೆ ಉಳಿಯಬೇಕಿತ್ತು. ಪ್ರಪಂಚದಲ್ಲಿ ನನ್ನ ತಾತನ ಕೈ ತಾಗಿದ ಅಕ್ಷರ ಅದೊಂದೇ. ನಮ್ಮಪ್ಪನಿಗಿಂತ ಮುಂಚೆ ಹುಟ್ಟಿದ ಒಂದು ಮಗು ತೀರಿಕೊಂಡಿತ್ತು, ಅದು ನಿಜ. ಮಗುವನ್ನು ಮಣ್ಣು ಮಾಡಿ ಬಂದ ತಾತ ಆ ಭಾನುವಾರವೂ ತಿದಿ ಒತ್ತಿ, ಈ ಮಾತು ಬರೆದಿರಬೇಕು ಎಂದು ಹೇಳಿದೆ. ಹೇಳುವಾಗ ‘ಇರಬೇಕು’ ಎಂಬ ಪದ ನನ್ನ ಇಂಗ್ಲಿಷಿನಲ್ಲಿ ಎಲ್ಲೋ ಬಿದ್ದುಹೋಯಿತು. ಮೊದಲು ಅಳು, ಆಮೇಲೆ ನುಡಿಸು. ಒಬ್ಬ ಹೆಂಗಸು ಕರವಸ್ತ್ರ ತೆಗೆದಳು. ಹಲಗೆ ಉಳಿಯಬೇಕು ಎಂದು ಎಲ್ಲರೂ ಕೈ ಎತ್ತಿದರು. ಪಕ್ಕದಲ್ಲಿ ಹಿತ್ತಾಳೆಯ ಫಲಕ, ಅದರ ಮೇಲೆ ಆ ಮಾತು ಇಂಗ್ಲಿಷಿನಲ್ಲಿ. ಭಾನುವಾರ ಪೂಜೆಯಲ್ಲಿ ಪಾದ್ರಿಯಮ್ಮ ಅದರ ಮೇಲೆಯೇ ಮಾತನಾಡುವುದು ಎಂದೂ ಆಯಿತು.

ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ ಎಂದರೆ ತಪ್ಪಿಲ್ಲ.

ಶನಿವಾರ: ಟೀ

ಮಧ್ಯಾಹ್ನ ಎಡ್ನಾ ಟೀ ಕೊಟ್ಟಳು. ನಾನು ಕೊಟ್ಟ ಕೊಬ್ಬರಿ ತುರಿದು ಕೇಕಿನ ಮೇಲೆ ಹಾಕಿದ್ದಳು, ಅದೊಂದು ನನಗೆ ಹಿತವಾಯಿತು. ಹಲಗೆಯ ಸುದ್ದಿ ಊರೆಲ್ಲ ಹಬ್ಬಿತ್ತು. ಎಡ್ನಾ ತನ್ನ ಗಂಡನ ನೆನಪು ತೆಗೆದಳು. ಕರೆಂಟಿನ ಪಂಪು ಬರುವವರೆಗೆ ಇದೇ ಆರ್ಗನ್ನಿನ ಹಿಂದೆ ನಿಂತು ಒತ್ತುತ್ತಿದ್ದವನು ಅವನಂತೆ. ಬೆಳಗ್ಗೆ ಐದು ಹಾಡು, ಸಂಜೆ ಐದು ಹಾಡು. ಅವನು ಮನೆಗೆ ಬಂದು ಹೇಳುತ್ತಿದ್ದದ್ದು ಒಂದೇ ಮಾತಂತೆ.

“ಟೆನ್ ಇಮ್ಸ್, ಎಡ್ನಾ. ಟೆನ್ ಇಮ್ಸ್.”

ಇಮ್ಸ್ ಎಂದರೇನು ಎಂದು ಕೇಳಿದೆ. ಅವಳು ಪ್ರಾರ್ಥನೆಯ ಪುಸ್ತಕ ತಂದು ತೋರಿಸಿದಳು. ಹಿಮ್ಸ್. ದೇವರ ಹಾಡುಗಳು. ಎಡ್ನಾ ಹಕಾರ ಹೇಳುವುದಿಲ್ಲ! ಅವಳ ಗಂಡನೂ ಹೇಳುತ್ತಿರಲಿಲ್ಲ. ಹ್ಯಾರಿ ಆರಿಯಾದದ್ದು ಹಾಗೆ. ಆ ಊರಿನ ಮಣ್ಣಿನ ಜನ ಯಾರೂ ಹೇಳುವುದಿಲ್ಲ. ಹತ್ತು ಹಾಡು.

ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟೆ. ಹತ್ತು ಹಾಡು. ನಮ್ಮ ಹಟ್ಟಿಯಲ್ಲಿ ಅದನ್ನು ಹೇಗೆ ಹೇಳುತ್ತಾರೆ? ನಮ್ಮವ್ವ ಹೇಗೆ ಹೇಳುತ್ತಾಳೆ? ಅತ್ತು ಆಡು.

ಕೋಟು ಕೂಡ ಹಾಕಿಕೊಳ್ಳದೆ ಚರ್ಚಿಗೆ ಓಡಿದೆ. ಹ್ಯಾರಿ ಹಲಗೆ ಒರೆಸಿ ಮುಗಿಸಿದ್ದ. ಅತ್ತು ಆಡು. ಪಕ್ಕದ ಗೀರುಗಳನ್ನು ಎಣಿಸಿದೆ, ಹತ್ತು. ಕೆಳಗೆ ಹೊಸದಾಗಿ ಕಂಡ ಸಾಲು ಹೀಗಿತ್ತು: ಆಲು ತಗಂಡು ಓಗ್ಬೇಕು.

ಇದಕ್ಕೆ ಬೇರೆ ಅರ್ಥ ಹಚ್ಚಲು ಯಾವ ಪಂಡಿತನಿಗೂ ಸಾಧ್ಯವಿಲ್ಲ. ಹಾಲು ತೆಗೆದುಕೊಂಡು ಹೋಗಬೇಕು. ಹತ್ತು ಹಾಡು ಮುಗಿದ ಮೇಲೆ, ಮನೆಯಲ್ಲಿದ್ದ ಕೂಸಿಗೆ. ಆ ಕೂಸು ನಮ್ಮಪ್ಪನೋ, ತೀರಿಕೊಂಡ ಅವನ ಅಣ್ಣನೋ, ಗೊತ್ತಿಲ್ಲ. ಅಳುವಿನ ಮಾತು ಎಲ್ಲೂ ಇರಲಿಲ್ಲ. ಅದನ್ನು ತಂದು ಇಟ್ಟವನು ನಾನು. ಸತ್ತ ಮಗುವನ್ನು ಸಭೆಯ ಮೇಜಿನ ಮೇಲೆ ಇಟ್ಟು ಕೈ ಎತ್ತಿಸಿಕೊಂಡವನೂ ನಾನು. ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಸುತ್ತ ನೂರು ಮೈಲಿಯಲ್ಲಿ ಕನ್ನಡ ಬಲ್ಲವರಿಲ್ಲ. ಹಲಗೆ ಉಳಿಯುತ್ತದೆ, ಹಿತ್ತಾಳೆ ಹೊಳೆಯುತ್ತದೆ. ಹೇಳಿದರೆ ಹಾಲಿನ ಲೆಕ್ಕಕ್ಕೆ ಯಾರು ಹಲಗೆ ಉಳಿಸುತ್ತಾರೆ? ಅಲ್ಲೇ ತಿದಿಯ ಪಕ್ಕ ಕೂತುಕೊಂಡೆ. ಹ್ಯಾರಿ ಏನಾಯಿತು ಎಂದು ಕೇಳಲಿಲ್ಲ, ಸುಮ್ಮನೆ ಅಂಟು ಕಲಸುತ್ತಿದ್ದ. ಅವನು ಕೇಳದೆ ಇದ್ದದ್ದರಿಂದಲೇ ಎಲ್ಲವನ್ನೂ ಹೇಳಿಬಿಟ್ಟೆ. ನಮ್ಮ ಕಡೆ ಹಕಾರ ಬೀಳುವುದು, ನಾನು ಅದಕ್ಕಾಗಿ ಇಪ್ಪತ್ತೆರಡು ವರ್ಷ ಮಕ್ಕಳ ಕೈಗೆ ರೂಲುದೊಣ್ಣೆಯಲ್ಲಿ ಬಾರಿಸಿದ್ದು, ತಾತನ ಅಕ್ಷರ ನೋಡಿದಾಗ ಮಾತ್ರ ಅದು ನೆನಪಾಗದೆ ಹೋದದ್ದು.

ಹ್ಯಾರಿ ಅಂಟಿನ ಕುಂಚ ಕೆಳಗಿಟ್ಟ. “ಅಳುವ ಮಾತು ಯಾರು ಬೇಕಾದರೂ ಬರೆಯಬಹುದು. ಹತ್ತು ಎಂದು ಎಣಿಸುವುದು ಹಿಂದೆ ನಿಂತು ಒತ್ತಿದವನಿಗೆ ಮಾತ್ರ ಗೊತ್ತು.” ಇಷ್ಟು ಹೇಳಿ, ಆದರೆ ತೀರ್ಮಾನ ತನ್ನದಲ್ಲ, ಪಾದ್ರಿಯಮ್ಮನಿಗೆ ನೀವೇ ಹೇಳಬೇಕು ಎಂದ.

ಹೋಗಿ ಹೇಳಿದೆ. ಆಕೆ ಮರುದಿನದ ಭಾಷಣ ಬರೆಯುತ್ತಿದ್ದರು. ಕೇಳಿಸಿಕೊಂಡು, ಬರೆದಿದ್ದ ನಾಲ್ಕು ಹಾಳೆಗಳನ್ನು ಮೆಲ್ಲಗೆ ಮಡಚಿದರು. ಮುಖದಲ್ಲಿ ಬೇಸರ ಕಂಡಿತು, ಅದನ್ನು ಅವರು ಮುಚ್ಚಲಿಲ್ಲ. ಸಭೆಗೆ ನಿಜ ತಿಳಿಸಬೇಕಾಗುತ್ತದೆ, ಅವರು ಏನು ಹೇಳುತ್ತಾರೋ ನೋಡೋಣ ಎಂದರು.

ಭಾನುವಾರ

ಬೆಳಗ್ಗೆ ಚರ್ಚು ತುಂಬಿತ್ತು. ಆರ್ಗನ್ನನ್ನು ಶನಿವಾರ ಸಂಜೆಯವರೆಗೂ ದುಡಿದು ಹ್ಯಾರಿ ಜೋಡಿಸಿದ್ದ. ಮೂಲೆಯಲ್ಲಿ ಕೂತು ನೆಲ ನೋಡುತ್ತಿದ್ದೆ. ಪಾದ್ರಿಯಮ್ಮ ಎದ್ದು, ಶುಕ್ರವಾರ ನಮಗೆ ಹೇಳಿದ ಅರ್ಥ ತಪ್ಪು, ನಮ್ಮ ಅತಿಥಿಯೇ ಬಂದು ತಿದ್ದಿದ್ದಾರೆ ಎಂದರು. ಆ ಬರಹಕ್ಕೂ ಯಾವ ಸಾವಿಗೂ ಸಂಬಂಧವಿಲ್ಲ, ಅಲ್ಲಿರುವುದು ಇಷ್ಟೇ: ಹತ್ತು ಹಾಡು, ಹಾಲು ತೆಗೆದುಕೊಂಡು ಹೋಗಬೇಕು.

ಕರವಸ್ತ್ರದ ಹೆಂಗಸು ನನ್ನ ಕಡೆ ತಿರುಗಿ ನೋಡಿದಳು. ಆಗ ಎರಡನೆಯ ಸಾಲಿನಲ್ಲಿ ಎಡ್ನಾ ನಗತೊಡಗಿದಳು. ಮೊದಲು ಕೆಮ್ಮಿನಂತೆ, ಆಮೇಲೆ ಮೈಯೆಲ್ಲ ಕುಲುಕಿ. ಟೆನ್ ಇಮ್ಸ್ ಎಂದಳು, ಪಕ್ಕದವರ ತೋಳು ಹಿಡಿದು ಮತ್ತೆ ಟೆನ್ ಇಮ್ಸ್ ಎಂದಳು, ಕಣ್ಣೊರೆಸಿಕೊಂಡಳು. ಅವಳ ಗಂಡನನ್ನು ಬಲ್ಲ ಮುದುಕರೆಲ್ಲ ನಗತೊಡಗಿದರು. ಚರ್ಚಿನೊಳಗೆ ಹಾಗೆ ನಗುತ್ತಾರೆಂದು ನನಗೆ ಗೊತ್ತಿರಲಿಲ್ಲ. ಕೈ ಎತ್ತಿಸುವ ಮಾತೇ ಬರಲಿಲ್ಲ. ಹಿತ್ತಾಳೆಯ ಫಲಕ ಬೇಡ, ಹಲಗೆ ಇರಲಿ ಎಂದು ಎದ್ದು ಹೇಳಿದ್ದು ಆ ಕರವಸ್ತ್ರದ ಹೆಂಗಸೇ.

ಇವತ್ತು ಹತ್ತು ಹಾಡು ಹಾಡೋಣ ಎಂದರು ಪಾದ್ರಿಯಮ್ಮ. ಹ್ಯಾರಿ ಕರೆಂಟಿನ ಪಂಪನ್ನು ಆರಿಸಿ ನನ್ನ ಕಡೆ ನೋಡಿದ.

ಹಿಂದಿನ ಸಂದಿಗೆ ಹೋದೆ. ಶುಕ್ರವಾರದ ತೀರ್ಮಾನದ ಪ್ರಕಾರ ಹಲಗೆಯ ಹುಳು ತಿಂದ ಕೆಳಭಾಗವನ್ನು ಹ್ಯಾರಿ ಆಗಲೇ ಕತ್ತರಿಸಿ ತೆಗೆದು, ಬಿಳಿಯ ಹೊಸ ಮರ ಕೂಡಿಸಿದ್ದ. ಹಳೆಯದರ ಬಣ್ಣ ಬಳಿದು ಮರೆಮಾಚಿರಲಿಲ್ಲ. ಹಳೇಬೀಡಿನ ಗುಡಿಯಲ್ಲಿ ಕೆತ್ತನೆ ಬಿದ್ದುಹೋದ ಕಡೆ ಬೋಳುಕಲ್ಲು ಇಟ್ಟಿರುವುದು ಹೀಗೆಯೇ. ಮೇಲ್ಭಾಗ ತಾತನದು, ಹಾಗೇ ಇತ್ತು. ಹಿಡಿ ಹಿಡಿದೆ. ತಾತನ ಅಂಗೈ ಸವೆಸಿದ ಜಾಗ ನುಣುಪಾಗಿ ಸಿಕ್ಕಿತು.

ಒತ್ತುವುದು ನೋಡಿದಷ್ಟು ಸುಲಭವಲ್ಲ. ಮೊದಲ ಹಾಡಿಗೆ ಹೆದರಿ ಜೋರಾಗಿ ಒತ್ತಿದೆ, ಗುಂಡು ಸರ್ರನೆ ಇಳಿಯಿತು. ನಿಧಾನಿಸಿದೆ, ಗೆರೆಯತ್ತ ಏರಿತು, ಕೊಳವೆಗಳು ನರಳಿದವು. ಜನ ಹಾಡುತ್ತಿರುವಾಗ ಗಾಳಿ ಮುಗಿದರೆ ಏನು ಗತಿ ಎಂದು ಗುಂಡಿನಿಂದ ಕಣ್ಣು ಕೀಳಲಿಲ್ಲ. ಮೂರನೆಯದಕ್ಕೆ ಲಯ ಸಿಕ್ಕಿತು. ಐದನೆಯದಕ್ಕೆ ಭುಜ ಹೋಯಿತು. ಏಳನೆಯದಕ್ಕೆ ಉಸಿರು ಉಳಿಯಲಿಲ್ಲ. ಎಷ್ಟಾಯಿತು ಎಂದು ಮರೆಯದಿರಲು ಗೋಡೆಯ ಮೇಲೆ ಗೀರಬೇಕು ಎನಿಸಿದಾಗ ಆ ಹತ್ತು ಗೀರುಗಳು ಅರ್ಥವಾದವು. ಇಲ್ಲಿ ನಿಂತವನ ಉಸಿರೆಲ್ಲ ಆ ಕೊಳವೆಗಳಿಗೆ ಹೋಗುತ್ತದೆ. ಹ ಎನ್ನುವುದು ಬರೀ ಉಸಿರಿನ ಅಕ್ಷರ. ಅವನಿಗೆಂದು ಅದು ಎಲ್ಲಿ ಉಳಿದೀತು?

ಹತ್ತನೆಯದು ಮುಗಿಯಿತು. ಹಿಡಿ ಬಿಟ್ಟು ಗೋಡೆಗೆ ಒರಗಿದೆ. ಮುಂದೆ ನುಡಿಸುತ್ತಿದ್ದವರಿಗೆ ಇನ್ನೂ ಸಾಕಾಗಿರಲಿಲ್ಲವೇನೋ, ಯಾರೂ ಹೇಳದೆ ಇನ್ನೊಂದು ಶುರುಮಾಡಿದರು. ಜನ ನಗುತ್ತ ದನಿಗೂಡಿಸಿದರು. ಗುಂಡು ಏರುತ್ತಿತ್ತು. ಓಡಿ ಹಿಡಿ ಹಿಡಿದೆ.

ಅದೂ ಮುಗಿದ ಮೇಲೆ ಹ್ಯಾರಿ ಸಂದಿಯೊಳಗೆ ತಲೆ ಹಾಕಿದ. ಕಿವಿಯ ಮೇಲಿದ್ದ ಬಡಗಿಯ ಪೆನ್ಸಿಲ್ ತೆಗೆದು ನನಗೆ ಕೊಟ್ಟು, ಹೊಸ ಮರವನ್ನು ಬೆರಳಿನಿಂದ ತೋರಿಸಿ ಹೊರಟುಹೋದ. ಪೆನ್ಸಿಲ್ ಹಿಡಿದು ನಿಂತೆ. ತಾತನ ಸಾಲಿನ ಕೆಳಗೆ, ನನ್ನ ಮೇಷ್ಟ್ರ ಅಕ್ಷರದಲ್ಲಿ, ಗುಂಡಗೆ ಬರೆದೆ.

ಅನ್ನೊಂದು.